ಬೆನ್ನಿಗೆ ಕೊಟ್ಟರೆ ತಲೆಗೆ ಒಳ್ಳೇದಾ? ಅರಿವಳಿಕೆ, ಆಪರೇಷನ್ ಮತ್ತು ಮರೆವು

ಮನೆಯಲ್ಲಿ ವಯಸ್ಸಾದವರಿಗೆ ಆಪರೇಷನ್ ಅಂತ ಗೊತ್ತಾದ ತಕ್ಷಣ ಸಲಹೆಗಳು ಶುರುವಾಗುತ್ತವೆ. "ಪೂರ್ತಿ ಎಚ್ಚರ ತಪ್ಪಿಸೋಕೆ ಬಿಡಬೇಡಿ, ನಮ್ಮ ದೊಡ್ಡಪ್ಪ ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ" ಅಂತ ಒಬ್ಬರು. "ಬೆನ್ನಿಗೇ ಕೊಡಿಸಿ, ತಲೆಗೆ ಏನೂ ಆಗಲ್ಲ" ಅಂತ ಇನ್ನೊಬ್ಬರು. ಇತ್ತ ಆಸ್ಪತ್ರೆಯಲ್ಲಿ ಸಹಿ ಹಾಕಿ ಅಂತ ಕಾಗದ ಕೊಟ್ಟಿರುತ್ತಾರೆ, ಅದರಲ್ಲಿ ಏನು ಬರೆದಿದೆ ಅಂತ ಓದುವಷ್ಟು ಸಮಾಧಾನ ಯಾರಿಗೂ ಇರೋದಿಲ್ಲ.

ಮೊಣಕಾಲು ಕೀಲು ಬದಲಿಸೋದು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳೋದು, ಹರ್ನಿಯಾ, ಹೃದಯದ ಬೈಪಾಸ್ ಎಲ್ಲ ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರಿಗೂ ಮಾಡುತ್ತಾರೆ. ಹಾಗಾಗಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಹೆಚ್ಚಿನ ಮನೆಗಳಿಗೆ ಬರುತ್ತದೆ. ಅರಿವಳಿಕೆ ಕೊಡುವ ವಿಧಾನಕ್ಕೂ ಆಮೇಲೆ ಬರುವ ಗೊಂದಲ, ಮರೆವಿಗೂ ನಿಜಕ್ಕೂ ಸಂಬಂಧ ಇದೆಯಾ? ಇದೆ, ಆದರೆ ನಾವು ಅಂದುಕೊಂಡ ಕಡೆ ಅಲ್ಲ.

ಅರಿವಳಿಕೆ ಅಂದರೆ ಒಂದೇ ಔಷಧ ಅಲ್ಲ

1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿ ಮೂಸಿಸಿ ರೋಗಿಯನ್ನು ಮಲಗಿಸಿ ತೋರಿಸಿದಾಗ ಇದ್ದದ್ದು ಹೆಚ್ಚುಕಡಿಮೆ ಒಂದೇ ದಾರಿ. ಈಗ ಹಲವು ದಾರಿಗಳಿವೆ.

ಪೂರ್ತಿ ಅರಿವಳಿಕೆ ಅಂದರೆ ಜನರಲ್ ಅನಸ್ತೇಸಿಯಾ. ಇದರಲ್ಲಿ ಎಚ್ಚರವೇ ಇರೋದಿಲ್ಲ. ಸಾಮಾನ್ಯವಾಗಿ ಗಂಟಲೊಳಗೆ ಒಂದು ಟ್ಯೂಬ್ ಇಟ್ಟು ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಎಚ್ಚರ ತಪ್ಪಿದ ಸ್ಥಿತಿಯನ್ನು ಕೊನೆಯವರೆಗೆ ಕಾಯ್ದುಕೊಳ್ಳೋಕೆ ಎರಡು ಮುಖ್ಯ ವಿಧಾನ ಇವೆ. ಸೆವೊಫ್ಲುರೇನ್, ಐಸೊಫ್ಲುರೇನ್, ಡೆಸ್‌ಫ್ಲುರೇನ್ ಥರದ ಗ್ಯಾಸನ್ನು ಉಸಿರಿನ ಜೊತೆ ಕೊಡೋದು ಒಂದು. ಪ್ರೊಪೊಫಾಲ್ ಎಂಬ, ನೋಡೋಕೆ ಥೇಟ್ ಹಾಲಿನ ಹಾಗೆ ಬೆಳ್ಳಗಿರುವ ಔಷಧವನ್ನು ಪಂಪಿನ ಮೂಲಕ ರಕ್ತನಾಳಕ್ಕೆ ಬಿಡುತ್ತಾ ಇರೋದು ಇನ್ನೊಂದು. ದಾರಿ ಬೇರೆಯಾದರೂ ಎರಡೂ ಮಿದುಳಿಗೇ ಹೋಗುತ್ತವೆ. ಅಲ್ಲಿ ನರಕೋಶಗಳನ್ನು ಶಾಂತ ಮಾಡುವ 'ಗಾಬಾ' ಎಂಬ ವ್ಯವಸ್ಥೆಯನ್ನು ಜೋರು ಮಾಡುತ್ತವೆ.

ಬೆನ್ನಿಗೆ ಕೊಡೋದು, ಅಂದರೆ ಸ್ಪೈನಲ್, ಕೆಲಸ ಮಾಡುವ ರೀತಿಯೇ ಬೇರೆ. ರೋಗಿಯನ್ನು ಮೇಜಿನ ಅಂಚಿಗೆ ಕೂರಿಸಿ, ದಿಂಬು ತಬ್ಬಿಕೊಂಡು ಬೆನ್ನನ್ನು ಬೆಕ್ಕಿನ ಹಾಗೆ ಬಾಗಿಸಿ ಅನ್ನುತ್ತಾರೆ. ಬೆನ್ನಿಗೆ ತಣ್ಣನೆಯ ಔಷಧ ಸವರುತ್ತಾರೆ. ಸೊಂಟದ ಮೇಲಿನ ಎರಡು ಎಲುಬುಗಳ ಸಂದಿಯಲ್ಲಿ ತುಂಬಾ ತೆಳುವಾದ ಸೂಜಿ ಒಳಗೆ ಹೋಗುತ್ತದೆ. ಅದರ ತುದಿಯಲ್ಲಿ ನೀರಿನಂಥ ದ್ರವ ಒಂದು ಹನಿ ಕಂಡರೆ ಸರಿಯಾದ ಜಾಗ ಸಿಕ್ಕಿತು ಅಂತ ಲೆಕ್ಕ. ಅಲ್ಲಿಗೆ ಎರಡು ಮೂರು ಮಿಲಿಲೀಟರ್ ಬ್ಯುಪಿವಕೇನ್ ಎಂಬ ಜೋಮು ಹಿಡಿಸುವ ಔಷಧ. ನಿಮಿಷದೊಳಗೆ ಕಾಲು ಬೆಚ್ಚಗಾಗುತ್ತದೆ, ಆಮೇಲೆ ಭಾರವಾಗುತ್ತದೆ, ಆಮೇಲೆ ಎತ್ತಲು ಹೋದರೆ ಬರೋದೇ ಇಲ್ಲ. ಈ ಔಷಧ ನರದ ತಂತಿಯಲ್ಲಿ ನೋವಿನ ಸುದ್ದಿ ಮೇಲಕ್ಕೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಮಿದುಳಿಗೆ ನಿದ್ದೆ ಬರಿಸೋದಿಲ್ಲ.

ಇವೆರಡಲ್ಲದೆ ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧ ಬಿಡುವ ಎಪಿಡ್ಯೂರಲ್ ಇದೆ, ಕೈಗೋ ಕಾಲಿಗೋ ಹೋಗುವ ಒಂದೊಂದೇ ನರದ ಸುತ್ತ ಔಷಧ ಹಾಕುವ ನರ್ವ್ ಬ್ಲಾಕ್ ಇದೆ, ಕಣ್ಣಿನ ಪೊರೆಗೆ ಹಾಕುವಂಥ ಬರೀ ಆ ಜಾಗ ಜೋಮು ಹಿಡಿಸುವ ಔಷಧಗಳಿವೆ.

ಒಂದು ವಿಷಯ ಇಲ್ಲಿ ಹೆಚ್ಚಿನವರಿಗೆ ಗೊತ್ತಿರೋದಿಲ್ಲ. ಬೆನ್ನಿಗೆ ಕೊಟ್ಟ ಮೇಲೂ ಸುಮಾರು ಜನ ಒಟಿಯಲ್ಲಿ ಗೊರಕೆ ಹೊಡೆಯುತ್ತಾ ಇರುತ್ತಾರೆ. ಸುತ್ತಿಗೆ, ಡ್ರಿಲ್ ಸದ್ದು ಕೇಳಿ ಗಾಬರಿ ಆಗಬಾರದು ಅಂತ ಡ್ರಿಪ್‌ನಲ್ಲಿ ಮಿಡಜೋಲಮ್ಮೋ ಪ್ರೊಪೊಫಾಲೋ, ಒಟ್ಟಿನಲ್ಲಿ ಮಂಪರಿನ ಔಷಧ ಸ್ವಲ್ಪ ಕೊಟ್ಟಿರುತ್ತಾರೆ. ಅಂದರೆ "ನಮ್ಮ ಅಮ್ಮನಿಗೆ ಬರೀ ಬೆನ್ನಿಗೆ ಕೊಟ್ಟಿದ್ದು" ಅನ್ನೋ ಮಾತು ಎಷ್ಟೋ ಸಲ ಅರ್ಧ ಸತ್ಯ. ಇದನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

'ತಲೆ ಸರಿ ಇಲ್ಲ' ಅನ್ನೋದರಲ್ಲಿ ಎರಡು ತೊಂದರೆಗಳಿವೆ

ಮೊದಲನೆಯದು ಡೆಲಿರಿಯಮ್. ಹಳಬರು ಸನ್ನಿ ಅಂತಿದ್ದರಲ್ಲ, ಅದೇ. ಆಪರೇಷನ್ ಆದ ಒಂದೆರಡು ದಿನದಲ್ಲಿ, ಹೆಚ್ಚಾಗಿ ಸಂಜೆ ಮೇಲೆ ಶುರುವಾಗುತ್ತದೆ. ಅಜ್ಜಿ ಇದ್ದಕ್ಕಿದ್ದಂತೆ "ಹಸು ತೋಟಕ್ಕೆ ನುಗ್ಗಿದೆ, ಗೇಟು ಹಾಕು" ಅಂತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ, ಮಗಳನ್ನೇ ಯಾರು ನೀನು ಅಂತ ಕೇಳುತ್ತಾರೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಸರಿ ಇರುತ್ತಾರೆ, ರಾತ್ರಿ ಮತ್ತೆ ಅದೇ. ಹೀಗೆ ಏರುಪೇರು ಆಗೋದೇ ಇದರ ಗುರುತು. ಆದರೆ ಗಲಾಟೆ ಮಾಡದ ಡೆಲಿರಿಯಮ್ಮೂ ಇದೆ, ಮತ್ತು ವಯಸ್ಸಾದವರಲ್ಲಿ ಅದೇ ಜಾಸ್ತಿ. ಸುಮ್ನೆ ಮಲಗಿರುತ್ತಾರೆ, ಕೇಳಿದ್ದಕ್ಕೆ ತಡವಾಗಿ ಒಂದು ಮಾತು, ಊಟ ಬೇಡ. ಮನೆಯವರೂ ನರ್ಸ್‌ಗಳೂ "ಪಾಪ ಸುಸ್ತಾಗಿದ್ದಾರೆ" ಅಂದುಕೊಂಡು ಬಿಟ್ಟುಬಿಡುತ್ತಾರೆ.

ಎರಡನೆಯದು ನಿಧಾನವಾಗಿ ಗೊತ್ತಾಗುವಂಥದ್ದು. ಮನೆಗೆ ಬಂದು ವಾರಗಳಾದ ಮೇಲೆ, ಅಂಗಡಿ ಲೆಕ್ಕ ತಲೆಯಲ್ಲೇ ಕೂಡುತ್ತಿದ್ದವರು ಕಾಗದ ಹುಡುಕುತ್ತಾರೆ, ಪೇಪರ್ ಓದುತ್ತಾ ಎಲ್ಲಿದ್ದೆ ಅಂತ ಮರೆಯುತ್ತಾರೆ, ಮೊಬೈಲ್‌ನಲ್ಲಿ ದುಡ್ಡು ಕಳಿಸುವಾಗ ತಡವರಿಸುತ್ತಾರೆ. ಇದಕ್ಕೆ ಬಹಳ ವರ್ಷ ಪಿಒಸಿಡಿ (ಪೋಸ್ಟ್ ಆಪರೇಟಿವ್ ಕಾಗ್ನಿಟಿವ್ ಡಿಸ್‌ಫಂಕ್ಷನ್) ಅಂತ ಹೆಸರಿತ್ತು. 2018ರಲ್ಲಿ ತಜ್ಞರು ಸೇರಿ ಹೆಸರುಗಳನ್ನು ಬದಲಾಯಿಸಿದರು. ಮೊದಲ 30 ದಿನದೊಳಗೆ ಇದ್ದರೆ ಅದು ತಡವಾದ ಚೇತರಿಕೆ. 30 ದಿನ ದಾಟಿ ವರ್ಷದೊಳಗೆ ಇದ್ದರೆ ಮಾತ್ರ ಆಪರೇಷನ್ ನಂತರದ ಅರಿವಿನ ತೊಂದರೆ ಅಂತ ಕರೆಯೋದು.

ಈ ದೂರು ಹೊಸದೇನಲ್ಲ. 1955ರಲ್ಲೇ ಬೆಡ್‌ಫರ್ಡ್ ಎಂಬ ಇಂಗ್ಲೆಂಡಿನ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಆಪರೇಷನ್ ಆದ ಮೇಲೆ ನಮ್ಮವರು ಮೊದಲಿನ ಹಾಗಿಲ್ಲ ಅಂತ ಮನೆಯವರು ಹೇಳುತ್ತಿದ್ದದ್ದನ್ನೇ ಅವರು ಗಂಭೀರವಾಗಿ ತೆಗೆದುಕೊಂಡಿದ್ದು. ಸರಿಯಾಗಿ ಅಳೆದು ನೋಡಿದ್ದು 1998ರಲ್ಲಿ. ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ದೊಡ್ಡ ಆಪರೇಷನ್ ಆದ, 60 ದಾಟಿದ 1218 ಜನರನ್ನು ಪರೀಕ್ಷೆ ಮಾಡಿದರು. ವಾರದ ಹೊತ್ತಿಗೆ ಸುಮಾರು ಶೇ 26 ಜನರಲ್ಲಿ, ಮೂರು ತಿಂಗಳಿಗೆ ಶೇ 10ರಷ್ಟು ಜನರಲ್ಲಿ ನೆನಪು, ಗಮನ ಕುಗ್ಗಿತ್ತು. ಆಪರೇಷನ್ನೇ ಆಗದ ಅದೇ ವಯಸ್ಸಿನವರಲ್ಲಿ ಇದು ಶೇ 3ರ ಆಸುಪಾಸು ಇತ್ತು. ಆಗ ಎಲ್ಲರ ಅನುಮಾನ ಇದ್ದದ್ದು ಬಿಪಿ ಇಳಿಯೋದು, ಆಮ್ಲಜನಕ ಕಡಿಮೆಯಾಗೋದರ ಮೇಲೆ. ಲೆಕ್ಕ ನೋಡಿದರೆ ಎರಡಕ್ಕೂ ನೇರ ಸಂಬಂಧ ಕಾಣಲಿಲ್ಲ. ವಯಸ್ಸಿಗೆ ಮಾತ್ರ ಸ್ಪಷ್ಟವಾಗಿ ಕಂಡಿತು.

ಹಾಗಾದ್ರೆ ಬೆನ್ನಿಗೋ, ಪೂರ್ತಿಯೋ?

ಯೋಚಿಸಿದರೆ ಉತ್ತರ ಸುಲಭ ಅನಿಸುತ್ತದೆ. ಮಿದುಳನ್ನು ಮುಟ್ಟದ ಔಷಧದಿಂದ ಮಿದುಳಿಗೆ ತೊಂದರೆ ಕಡಿಮೆ ಇರಬೇಕು, ಅಲ್ವಾ? ಎಷ್ಟೋ ವೈದ್ಯರೂ ಹಾಗೇ ನಂಬಿದ್ದರು. ಆದರೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಬೇರೆಯೇ ಚಿತ್ರ ಬಂತು.

2021ರಲ್ಲಿ ಪ್ರಕಟವಾದ 'ರೀಗೇನ್' ಅಧ್ಯಯನದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದುಕೊಂಡ 1600 ಜನರಲ್ಲಿ ಅರ್ಧ ಜನಕ್ಕೆ ಬೆನ್ನಿಗೆ, ಅರ್ಧ ಜನಕ್ಕೆ ಪೂರ್ತಿ ಅರಿವಳಿಕೆ ಕೊಟ್ಟರು. ಡೆಲಿರಿಯಮ್ ಬಂದದ್ದು ಸ್ಪೈನಲ್ ಗುಂಪಿನಲ್ಲಿ ಶೇ 20.5, ಪೂರ್ತಿ ಅರಿವಳಿಕೆಯಲ್ಲಿ ಶೇ 19.7. ಹೆಚ್ಚುಕಡಿಮೆ ಒಂದೇ.

ಮೇಲೆ ನೆನಪಿಡಿ ಅಂದೆನಲ್ಲ, ಆ ಪ್ರಶ್ನೆ ಇಲ್ಲಿ ಏಳುತ್ತದೆ. ಸ್ಪೈನಲ್ ಗುಂಪಿನವರಿಗೂ ಮಂಪರಿನ ಔಷಧ ಕೊಟ್ಟಿದ್ದರೆ ಹೋಲಿಕೆ ಸರಿಯೇನು? ಚೀನಾದಲ್ಲಿ ಮಾಡಿದ 'ರಾಗಾ' ಎಂಬ ಅಧ್ಯಯನ ಇದನ್ನೇ ಗಮನದಲ್ಲಿಟ್ಟುಕೊಂಡಿತ್ತು. 65 ದಾಟಿದ 950 ಜನ, ಅದೇ ಸೊಂಟದ ಮೂಳೆ, ಆದರೆ ಬೆನ್ನಿಗೆ ಕೊಟ್ಟವರಿಗೆ ಮಂಪರಿನ ಔಷಧ ಇಲ್ಲವೇ ಇಲ್ಲ. 2022ರಲ್ಲಿ ಬಂದ ಫಲಿತಾಂಶದಲ್ಲಿ ಡೆಲಿರಿಯಮ್ ಬೆನ್ನಿಗೆ ಕೊಟ್ಟವರಲ್ಲಿ ಶೇ 6.2, ಪೂರ್ತಿ ಅರಿವಳಿಕೆಯಲ್ಲಿ ಶೇ 5.1. ಇಲ್ಲೂ ಗೆದ್ದವರಿಲ್ಲ. (ಎರಡು ಅಧ್ಯಯನಗಳ ನಡುವೆ ಇಷ್ಟು ಅಂತರ ಯಾಕೆ ಅಂತ ಕೇಳಬಹುದು. ಯಾರನ್ನು ಸೇರಿಸಿಕೊಂಡರು, ದಿನಕ್ಕೆ ಎಷ್ಟು ಸಲ, ಯಾವ ರೀತಿ ಪರೀಕ್ಷೆ ಮಾಡಿದರು ಅನ್ನೋದರ ಮೇಲೆ ಡೆಲಿರಿಯಮ್ಮಿನ ಸಂಖ್ಯೆ ತುಂಬಾ ಬದಲಾಗುತ್ತದೆ. ಹಾಗಾಗಿ ಒಂದು ಅಧ್ಯಯನದ ಒಳಗಿನ ಎರಡು ಗುಂಪನ್ನು ಹೋಲಿಸಬೇಕೇ ಹೊರತು ಒಂದು ದೇಶದ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಡಬಾರದು.)

ದೀರ್ಘಕಾಲದ ಮರೆವಿನಲ್ಲೂ ಇದೇ ಕಥೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ತಿಂಗಳಿಗೆ ಪೂರ್ತಿ ಅರಿವಳಿಕೆಯವರಲ್ಲಿ ಶೇ 14.3, ಬೆನ್ನಿಗೆ ಅಥವಾ ಎಪಿಡ್ಯೂರಲ್ ಕೊಟ್ಟವರಲ್ಲಿ ಶೇ 13.9 ಜನಕ್ಕೆ ಅರಿವಿನ ತೊಂದರೆ ಇತ್ತು.

ಹಾಗಂತ ಸ್ಪೈನಲ್ ಬೇಡ ಅಂತ ಅರ್ಥ ಅಲ್ಲ. ಶ್ವಾಸಕೋಶದ ತೊಂದರೆ ಇದ್ದವರು, ಆಪರೇಷನ್ ಆದ ಮೊದಲ ಗಂಟೆಗಳ ನೋವು, ವಾಂತಿ, ಇಂಥ ಬೇರೆ ಕಾರಣಗಳಿಗೆ ಅದು ಒಳ್ಳೆಯ ಆಯ್ಕೆ ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಕೊಡಲು ಆಗದೇ ಇರಬಹುದು. ಬರೀ ನೆನಪಿನ ಶಕ್ತಿ ಉಳಿಸಿಕೊಳ್ಳೋಕೆ ಅಂತ ಅದನ್ನೇ ಹಟ ಹಿಡಿಯಬೇಕಾಗಿಲ್ಲ, ಅಷ್ಟೇ.

ಗ್ಯಾಸೋ, ಹಾಲಿನಂಥ ಔಷಧವೋ?

ಇಲ್ಲಿ ಸ್ವಲ್ಪ ವ್ಯತ್ಯಾಸ ಕಾಣುತ್ತದೆ, ಆದರೆ ತೀರ್ಪು ಕೊಡುವಷ್ಟು ಗಟ್ಟಿ ಇಲ್ಲ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 28 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರೊಪೊಫಾಲ್ ಕೊಟ್ಟವರಲ್ಲಿ ನಂತರದ ಅರಿವಿನ ತೊಂದರೆ ಕಡಿಮೆ ಇರಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಅಂದರು. ಡೆಲಿರಿಯಮ್ ವಿಷಯದಲ್ಲಿ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಆಮೇಲೆ 2023ರಲ್ಲಿ ಚೀನಾದಿಂದ ಬಂದ, ಕ್ಯಾನ್ಸರ್ ಆಪರೇಷನ್ ಆದ ವೃದ್ಧರ ಅಧ್ಯಯನದಲ್ಲಿ ಸೆವೊಫ್ಲುರೇನ್ ಗುಂಪಿನಲ್ಲಿ ಡೆಲಿರಿಯಮ್ ಶೇ 12.4, ಪ್ರೊಪೊಫಾಲ್ ಗುಂಪಿನಲ್ಲಿ ಶೇ 8.4 ಇತ್ತು. ದೊಡ್ಡ ಅಧ್ಯಯನಗಳು ಇನ್ನೂ ನಡೆಯುತ್ತಿವೆ. ಯಾವುದನ್ನು ಕೊಡೋದು ಅಂತ ಹೆಚ್ಚಿನ ಸಲ ಆಪರೇಷನ್ನಿನ ಬಗೆ, ಆಸ್ಪತ್ರೆಯಲ್ಲಿರುವ ಸಲಕರಣೆ ನೋಡಿ ಅರಿವಳಿಕೆ ವೈದ್ಯರೇ ನಿರ್ಧಾರ ಮಾಡುತ್ತಾರೆ.

ಎಷ್ಟು ಆಳ ಅನ್ನೋದು ಮುಖ್ಯವಾ?

ಯಾವ ಔಷಧ ಅನ್ನೋದರ ಜೊತೆಗೆ ಎಷ್ಟು ಅನ್ನೋದೂ ಇದೆ. ವಯಸ್ಸಾದಂತೆ ಕಡಿಮೆ ಗ್ಯಾಸ್ ಸಾಕಾಗುತ್ತದೆ, ನಲವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 6ರಷ್ಟು ಇಳಿಯುತ್ತದೆ. ಮೂವತ್ತರ ಹುಡುಗನಿಗೆ ಕೊಟ್ಟಷ್ಟೇ ಎಂಬತ್ತರ ಅಜ್ಜನಿಗೆ ಕೊಟ್ಟರೆ ಅದು ಜಾಸ್ತಿ ಆಯ್ತು.

ಇದನ್ನು ನೋಡೋಕೆ ಹಣೆಗೆ ಒಂದು ಪಟ್ಟಿ ಅಂಟಿಸಿ ಮಿದುಳಿನ ಅಲೆಗಳನ್ನು ಓದುವ ಬಿಸ್ ಎಂಬ ಯಂತ್ರ ಇದೆ. ಅದು 0ಯಿಂದ 100ರವರೆಗೆ ಒಂದು ಸಂಖ್ಯೆ ತೋರಿಸುತ್ತದೆ. ಪೂರ್ತಿ ಎಚ್ಚರ ಇದ್ದರೆ 100ರ ಹತ್ತಿರ, ಆಪರೇಷನ್ನಿಗೆ ಸಾಮಾನ್ಯವಾಗಿ 40ರಿಂದ 60. ಅದಕ್ಕಿಂತ ತುಂಬಾ ಕೆಳಗೆ ಹೋದರೆ ಅಲೆಗಳು ಆಗಾಗ ನಿಂತೇ ಹೋಗಿ ಮತ್ತೆ ಶುರುವಾಗುತ್ತವೆ.

ಹಾಂಗ್‌ಕಾಂಗ್‌ನಲ್ಲಿ 921 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಸ್ ನೋಡಿ ಔಷಧ ಹೊಂದಿಸಿದವರಲ್ಲಿ ಡೆಲಿರಿಯಮ್ ಶೇ 15.6, ಹಾಗೆ ಮಾಡದವರಲ್ಲಿ ಶೇ 24.1. ಒಳ್ಳೆ ಸುದ್ದಿ ಅಂದುಕೊಳ್ಳುವಷ್ಟರಲ್ಲಿ 2019ರಲ್ಲಿ ಅಮೆರಿಕದ 1232 ಜನರ ಅಧ್ಯಯನ ಬಂತು. ಅಲ್ಲಿ ಅಲೆ ನೋಡಿ ಕೊಟ್ಟವರಲ್ಲಿ ಶೇ 26, ಮಾಮೂಲಿಯಾಗಿ ಕೊಟ್ಟವರಲ್ಲಿ ಶೇ 23. ಅಂದರೆ ಏನೂ ಲಾಭ ಇಲ್ಲ. 2021ರಲ್ಲಿ ಇನ್ನೊಂದು: 515 ಜನರಲ್ಲಿ ಬಿಸ್ 50ರ ಹತ್ತಿರ ಇಟ್ಟವರಿಗೆ ಶೇ 19, 35ಕ್ಕೆ ಇಳಿಸಿದವರಿಗೆ ಶೇ 28. ಒಂದು ಅಧ್ಯಯನದಲ್ಲಿ ಎರಡು ಗುಂಪಿನ ಆಳದ ನಡುವೆ ಅಂತರ ದೊಡ್ಡದು, ಇನ್ನೊಂದರಲ್ಲಿ ಚಿಕ್ಕದು, ಫಲಿತಾಂಶಗಳು ಒಂದಕ್ಕೊಂದು ಹೊಂದದಿರೋಕೆ ಅದೂ ಒಂದು ಕಾರಣ ಇರಬಹುದು ಅಂತಾರೆ. ಇನ್ನೂ ಒಂದು ಮಾತಿದೆ. ಕೆಲವರ ಮಿದುಳು ಮೊದಲೇ ಸೂಕ್ಷ್ಮ ಆಗಿರುತ್ತದೆ, ಸ್ವಲ್ಪ ಔಷಧಕ್ಕೇ ಅವರ ಅಲೆ ಕುಸಿಯುತ್ತದೆ. ಅವರಿಗೆ ಡೆಲಿರಿಯಮ್ ಬಂದರೆ ತಪ್ಪು ಆಳದ್ದಾ, ಮೊದಲೇ ಇದ್ದ ಸೂಕ್ಷ್ಮದ್ದಾ? ಬಿಡಿಸಿ ಹೇಳೋದು ಕಷ್ಟ.

ಬೆನ್ನಿಗೆ ಕೊಟ್ಟು ಮೇಲೆ ಮಂಪರು ಕೊಡುವಾಗಲೂ ಈ ಆಳದ ಪ್ರಶ್ನೆ ಇದ್ದೇ ಇದೆ. 2010ರ ಒಂದು ಚಿಕ್ಕ ಅಧ್ಯಯನದಲ್ಲಿ, ಸ್ಪೈನಲ್ ಜೊತೆ ಆಳವಾದ ಮಂಪರು ಕೊಟ್ಟವರಲ್ಲಿ ಶೇ 40, ಹಗುರವಾಗಿ ಕೊಟ್ಟವರಲ್ಲಿ ಶೇ 19 ಜನಕ್ಕೆ ಡೆಲಿರಿಯಮ್ ಬಂತು. ಅದೇ ತಂಡ 2018ರಲ್ಲಿ ದೊಡ್ಡದಾಗಿ ಮಾಡಿದಾಗ ಒಟ್ಟಾರೆ ಅಂಥ ವ್ಯತ್ಯಾಸ ಉಳಿಯಲಿಲ್ಲ, ಬೇರೆ ಕಾಯಿಲೆ ಕಡಿಮೆ ಇದ್ದವರಲ್ಲಿ ಮಾತ್ರ ಆಳದ ಮಂಪರು ತೊಂದರೆ ಹೆಚ್ಚಿಸಿತ್ತು.

ಔಷಧದ್ದಲ್ಲದಿದ್ದರೆ ಮತ್ತೆ ಯಾರದ್ದು?

ಆಸ್ಟ್ರೇಲಿಯಾದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನಿಸುತ್ತದೆ. 2011ರಲ್ಲಿ ಪ್ರಕಟವಾದ ಇದರಲ್ಲಿ ಮೂರು ಥರದವರನ್ನು ಹೋಲಿಸಿದರು: ಹೃದಯದ ಬೈಪಾಸ್ ಆದವರು, ಸೊಂಟದ ಕೀಲು ಬದಲಿಸಿಕೊಂಡವರು, ಮತ್ತು ಬರೀ ಹಗುರ ಮಂಪರಿನಲ್ಲಿ ಆಂಜಿಯೋಗ್ರಾಮ್ ಮಾಡಿಸಿಕೊಂಡವರು. ಮೂರು ತಿಂಗಳ ನಂತರ ಅರಿವಿನ ತೊಂದರೆ ಕಂಡದ್ದು ಬೈಪಾಸ್ ಮತ್ತು ಕೀಲಿನವರಲ್ಲಿ ಶೇ 16, ಆಂಜಿಯೋಗ್ರಾಮ್‌ನವರಲ್ಲಿ ಶೇ 21. ಪೂರ್ತಿ ಅರಿವಳಿಕೆಯೂ ಇಲ್ಲ, ದೊಡ್ಡ ಆಪರೇಷನ್ನೂ ಇಲ್ಲ, ಆದರೂ ಮರೆವು ಕಡಿಮೆ ಏನಿಲ್ಲ. ಅಂದರೆ ಹೃದಯ, ರಕ್ತನಾಳದ ಕಾಯಿಲೆ ಮೊದಲೇ ಇದ್ದವರ ಮಿದುಳು ಮೊದಲೇ ಸ್ವಲ್ಪ ಸವೆದಿರುತ್ತದೆ.

ಇದನ್ನು ಹಳೆ ಮನೆಯ ವೈರಿಂಗ್ ಥರ ನೋಡಬಹುದು. ನಾಲ್ಕು ದೀಪ, ಎರಡು ಫ್ಯಾನಿಗೆ ಏನೂ ತೊಂದರೆ ಇಲ್ಲ, ವರ್ಷಗಟ್ಟಲೆ ನಡೆದಿರುತ್ತದೆ. ಒಂದು ದಿನ ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಒಟ್ಟಿಗೆ ಹಾಕಿದಾಗ ಟ್ರಿಪ್ ಆಗುತ್ತದೆ. ಕೊನೆಗೆ ಹಾಕಿದ್ದು ಇಸ್ತ್ರಿ ಪೆಟ್ಟಿಗೆ ಅಂತ ಎಲ್ಲರೂ ಅದನ್ನೇ ಬೈಯುತ್ತಾರೆ.

ಆಪರೇಷನ್ನಿನ ಹೊತ್ತಿಗೆ ಒಟ್ಟಿಗೆ ಬೀಳುವ ಭಾರ ಏನೇನು? ಮೊದಲನೆಯದು ಕೊಯ್ದ ಗಾಯವೇ. ಮೈಯಲ್ಲಿ ಎಲ್ಲೇ ಪೆಟ್ಟಾದರೂ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಬರುತ್ತವೆ. ಮಿದುಳಿನ ಸುತ್ತ ಇರುವ ತಡೆ ವಯಸ್ಸಾದವರಲ್ಲಿ ಅಷ್ಟು ಬಿಗಿಯಾಗಿ ಇರೋದಿಲ್ಲ, ಅದನ್ನು ದಾಟಿದ ಉರಿಯೂತ ಒಳಗಿನ ರಕ್ಷಕ ಕೋಶಗಳನ್ನು ಕೆರಳಿಸುತ್ತದೆ ಅನ್ನೋದು ಈಗ ಹೆಚ್ಚು ಒಪ್ಪಿರುವ ವಿವರಣೆ. ಅದರ ಮೇಲೆ ನೋವು, ನಿದ್ದೆ ಇಲ್ಲದ ರಾತ್ರಿಗಳು, ಸೋಡಿಯಂ ಇಳಿಯೋದು, ಮೂತ್ರದ ಸೋಂಕು, ಮಲಬದ್ಧತೆ, ಹಗಲು ರಾತ್ರಿ ಒಂದೇ ಥರ ಲೈಟು ಉರಿಯುವ ಐಸಿಯು. ಅರಿವಳಿಕೆ ಇವುಗಳಲ್ಲಿ ಒಂದು. ಮುಟ್ಟಿ ತೋರಿಸೋಕೆ ಸುಲಭ ಆದ್ದರಿಂದ ಬೈಗುಳ ಎಲ್ಲ ಅದಕ್ಕೇ.

ಮಕ್ಕಳಲ್ಲಿ?

ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರ ಭಯವೂ ಇದೇ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಅಥವಾ ಪದೇ ಪದೇ ಅರಿವಳಿಕೆ ಕೊಡುವುದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆದರೆ ಒಂದು ಸಲದ ಚಿಕ್ಕ ಆಪರೇಷನ್ ಬಗ್ಗೆ ಸಮಾಧಾನದ ಸುದ್ದಿ ಇದೆ. 'ಗ್ಯಾಸ್' ಎಂಬ ಹೆಸರಿನ ಅಧ್ಯಯನದಲ್ಲಿ ಹರ್ನಿಯಾ ಆಪರೇಷನ್ ಆದ 722 ಹಸುಗೂಸುಗಳಲ್ಲಿ ಕೆಲವಕ್ಕೆ ಸೆವೊಫ್ಲುರೇನ್, ಕೆಲವಕ್ಕೆ ಎಚ್ಚರದಲ್ಲೇ ಬೆನ್ನಿಗೆ ಔಷಧ ಕೊಟ್ಟಿದ್ದರು. ಐದು ವರ್ಷಕ್ಕೆ ಬುದ್ಧಿಮತ್ತೆ ಪರೀಕ್ಷಿಸಿದಾಗ ಎರಡೂ ಗುಂಪಿನ ಸರಾಸರಿ 99ರ ಹತ್ತಿರ.

ಪಿಎಸಿ ದಿನ ಏನು ಹೇಳಬೇಕು

ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರು ನೋಡುತ್ತಾರಲ್ಲ, ಆಸ್ಪತ್ರೆಯಲ್ಲಿ ಅದನ್ನು ಪಿಎಸಿ ಅಂತಾರೆ. ನಾವು ಅಲ್ಲಿ ಬಿಪಿ, ಶುಗರ್ ಮಾತ್ರೆ ಹೇಳಿ ಸುಮ್ಮನಾಗುತ್ತೇವೆ. ಮಿದುಳಿನ ದೃಷ್ಟಿಯಿಂದ ಹೇಳಲೇಬೇಕಾದ್ದು ಬೇರೆ ಇದೆ.

ಈಗಾಗಲೇ ಸ್ವಲ್ಪ ಮರೆವಿದ್ದರೆ ಹೇಳಿ. ವಯಸ್ಸಾಯ್ತು, ಅರಳುಮರಳು ಅಂತ ಮುಚ್ಚಿಡಬೇಡಿ, ಡೆಲಿರಿಯಮ್ ಬರುವ ಸಾಧ್ಯತೆ ಹೇಳುವ ದೊಡ್ಡ ಸೂಚನೆ ಅದೇ. ಹಿಂದಿನ ಆಪರೇಷನ್ನಿನಲ್ಲಿ ಗೊಂದಲ ಆಗಿತ್ತಾ, ಅದೂ ಹೇಳಿ. ರಾತ್ರಿ ನಿದ್ದೆಗೆ ಅಂತ ವರ್ಷಗಳಿಂದ ನುಂಗುತ್ತಿರುವ ಆಲ್ಪ್ರಜೋಲಮ್ ಥರದ ಮಾತ್ರೆ ಇದ್ದರೆ ಚೀಟಿಯಲ್ಲಿ ಇಲ್ಲದಿದ್ದರೂ ತೋರಿಸಿ. ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೂ ತೊಂದರೆ. ಇನ್ನು ಕುಡಿತದ ವಿಷಯ. ಮಗನ ಎದುರು, ಸೊಸೆಯ ಎದುರು ಅಂತ ಅಪ್ಪಂದಿರು ಇದನ್ನು ಹೇಳೋದೇ ಇಲ್ಲ. ದಿನಾ ಕುಡಿಯುವವರು ದಿಢೀರ್ ನಿಲ್ಲಿಸಿದ ಎರಡು ಮೂರನೇ ದಿನಕ್ಕೆ ಕೈ ನಡುಕ, ಭ್ರಮೆ ಶುರುವಾದರೆ ಎಲ್ಲರೂ ಅರಿವಳಿಕೆಯನ್ನು ಬೈಯುತ್ತಾ ಕೂತಿರುತ್ತಾರೆ, ನಿಜವಾದ ಕಾರಣಕ್ಕೆ ಚಿಕಿತ್ಸೆ ತಡವಾಗುತ್ತದೆ. ಅವರನ್ನು ಒಬ್ಬರೇ ವೈದ್ಯರ ಜೊತೆ ಮಾತಾಡಲು ಬಿಡಿ.

ಕೇಳಬಹುದಾದ ಪ್ರಶ್ನೆಗಳೂ ಇವೆ. ಬೆನ್ನಿಗೆ ಕೊಟ್ಟರೆ ಮೇಲೆ ಮಂಪರು ಕೊಡುತ್ತೀರಾ, ಹಗುರವಾಗಿ ಇಡಬಹುದಾ? ಮಿಡಜೋಲಮ್, ಪ್ರೊಮೆಥಜೀನ್ ಥರದ ಮಂಪರು ತರಿಸುವ ಔಷಧಗಳನ್ನು ಕೊಡದೆ ಬಿಡಬಹುದಾ? ವಯಸ್ಸಾದವರಲ್ಲಿ ಇವನ್ನು ಆದಷ್ಟು ಕಡಿಮೆ ಮಾಡಿ ಅಂತ ಮಾರ್ಗಸೂಚಿಗಳೇ ಹೇಳುತ್ತವೆ. ನೋವಿಗೆ ನರ್ವ್ ಬ್ಲಾಕ್ ಹಾಕಬಹುದಾ? ಹಾಕಿದರೆ ಮಾರ್ಫಿನ್ ಥರದ ಔಷಧ ಕಡಿಮೆ ಸಾಕಾಗುತ್ತದೆ. ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು? ಸಾಮಾನ್ಯವಾಗಿ ಬರೀ ನೀರಿಗೆ ಎರಡು ಗಂಟೆ, ಹಗುರ ಊಟಕ್ಕೆ ಆರು ಗಂಟೆ ಬಿಡುವು ಸಾಕು, ಆದರೂ ರಾತ್ರಿಯಿಂದ ಗುಟುಕು ನೀರೂ ಕೊಡದೆ ಒಣಗಿಸುವ ರೂಢಿ ಎಷ್ಟೋ ಕಡೆ ಇದೆ. ನಿಮ್ಮವರ ಹೊಟ್ಟೆ, ಶುಗರ್ ನೋಡಿ ವೈದ್ಯರು ಬೇರೆ ಸಮಯ ಹೇಳಿದರೆ ಅದನ್ನೇ ಪಾಲಿಸಿ.

ವಾರ್ಡಿನಲ್ಲಿ ಮನೆಯವರ ಕೆಲಸ

ಒಟಿಗೆ ಹೋಗುವಾಗ ಕನ್ನಡಕ, ಕಿವಿಯ ಮಿಷನ್, ಹಲ್ಲಿನ ಸೆಟ್ಟು ಎಲ್ಲ ಬಿಚ್ಚಿ ಮನೆಯವರ ಕೈಗೆ ಕೊಡುತ್ತಾರೆ. ಅದು ವ್ಯಾನಿಟಿ ಬ್ಯಾಗಿನಲ್ಲಿ ಸೇರಿ ಎರಡು ದಿನ ಹೊರಗೆ ಬರೋದಿಲ್ಲ. ಸರಿಯಾಗಿ ಕಾಣದ, ಕೇಳದ ಮಿದುಳು ಬೇಗ ದಾರಿ ತಪ್ಪುತ್ತದೆ. ವೈದ್ಯರು ಸರಿ ಅಂದ ತಕ್ಷಣ ವಾಪಸ್ ಹಾಕಿ. ಹಗಲು ಕಿಟಕಿ ಪರದೆ ಸರಿಸಿ, ಎಬ್ಬಿಸಿ ಕೂರಿಸಿ, ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂತ ಮಾತಿನ ನಡುವೆ ಹೇಳುತ್ತಾ ಇರಿ. ರಾತ್ರಿ ಲೈಟು ಆರಿಸಿ, ಮೊಬೈಲ್ ಸದ್ದು ಬೇಡ. ಅಮೆರಿಕದಲ್ಲಿ ಶರೋನ್ ಇನೌಯೆ ಎಂಬ ವೈದ್ಯೆ ಶುರುಮಾಡಿದ 'ಹೆಲ್ಪ್' ಎಂಬ ಕಾರ್ಯಕ್ರಮ ನಿಂತಿರೋದೇ ಇಂಥ ಸಣ್ಣ ಕೆಲಸಗಳ ಮೇಲೆ. ಯಾವ ಅರಿವಳಿಕೆ ಅನ್ನೋ ಆಯ್ಕೆಗಿಂತ ಇದರ ಫಲಕ್ಕೆ ಪುರಾವೆ ಗಟ್ಟಿಯಾಗಿದೆ.

ಭಾಷೆಯನ್ನೂ ಮರೆಯಬೇಡಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಹಿಂದಿಯಲ್ಲೋ ಮಲಯಾಳದಲ್ಲೋ ಮಾತಾಡಿದರೆ ಹಳ್ಳಿಯಿಂದ ಬಂದ ಅಜ್ಜ ಉತ್ತರ ಕೊಡದಿರೋದು ಗೊಂದಲದಿಂದಲೋ, ಅರ್ಥ ಆಗದ್ದರಿಂದಲೋ? ಮಕ್ಕಳ ಮನೆಗೆ ಅಂತ ಹೊರದೇಶಕ್ಕೆ ಹೋಗಿ ಅಲ್ಲಿ ಆಪರೇಷನ್ ಮಾಡಿಸಿಕೊಂಡ ಅಪ್ಪ ಅಮ್ಮಂದಿರಿಗೆ ಈ ಕಷ್ಟ ಇನ್ನೂ ಹೆಚ್ಚು. ಕನ್ನಡದಲ್ಲಿ ವಾರದ ಹೆಸರನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿ ನೋಡಿ. ಶನಿವಾರ, ಶುಕ್ರವಾರ ಅಂತ ಶುರುಮಾಡಿ ನಡುವೆ ಕಳೆದುಹೋದರೆ, ಮತ್ತು ಮೊನ್ನೆಯವರೆಗೆ ಹೀಗಿರಲಿಲ್ಲ ಅಂತಾದರೆ, ಡ್ಯೂಟಿ ಡಾಕ್ಟರಿಗೆ ಅವತ್ತೇ ಹೇಳಿ. ರಕ್ತ, ಮೂತ್ರ, ಆಮ್ಲಜನಕ, ನೋವು, ಔಷಧದ ಪಟ್ಟಿ ಎಲ್ಲ ನೋಡಿ ಕಾರಣ ಹುಡುಕಬೇಕು.

ಮನೆಗೆ ಬಂದ ಮೇಲೆ ಮೊದಲ ಕೆಲವು ವಾರ ನಿಧಾನ ಇದ್ದರೆ ಗಾಬರಿ ಬೇಡ, ಬ್ಯಾಂಕಿನ ಕೆಲಸ, ಆಸ್ತಿ ಕಾಗದಕ್ಕೆ ಸಹಿ, ಗಾಡಿ ಓಡಿಸೋದು ಮುಂದಕ್ಕೆ ಹಾಕಿ. ಮೂರು ತಿಂಗಳಾದರೂ ಹಾಗೇ ಇದ್ದರೆ, ಅಥವಾ ಜಾಸ್ತಿ ಆಗುತ್ತಾ ಹೋದರೆ, ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವು ಮೂರೂ ಮರೆವಿನ ವೇಷದಲ್ಲಿ ಬರುತ್ತವೆ, ಮೂರಕ್ಕೂ ಚಿಕಿತ್ಸೆ ಇದೆ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಜೊತೆ ಅರಿವಳಿಕೆಯ ಚಾರ್ಟ್‌ನ ಪ್ರತಿಯನ್ನೂ ಆಸ್ಪತ್ರೆಯಲ್ಲಿ ಕೇಳಿ ತೆಗೆದುಕೊಂಡು ಹೋಗಿ. ಏನು ಕೊಟ್ಟಿದ್ದರು, ಎಷ್ಟು ಹೊತ್ತು, ನಡುವೆ ಬಿಪಿ ಎಷ್ಟಿತ್ತು ಅನ್ನೋದೆಲ್ಲ ಅದರಲ್ಲಿರುತ್ತದೆ.